ಕೂಸಿನ ನೆಗಡಿ ಎದೆಗಿಳಿದಾಗ ಏನಾಗುತ್ತದೆ?

2025ರ ಜನವರಿ ಮೊದಲ ವಾರ ಬೆಂಗಳೂರಿನಲ್ಲಿ ಮೂರು ತಿಂಗಳ ಒಂದು ಕೂಸಿಗೂ ಎಂಟು ತಿಂಗಳ ಇನ್ನೊಂದಕ್ಕೂ ಎಚ್‌ಎಂಪಿವಿ ಎಂಬ ಉಸಿರಾಟದ ವೈರಸ್ಸಿನ ಸೋಂಕು ತಗುಲಿದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಖಚಿತಪಡಿಸಿತು. ಟಿವಿ ಪರದೆಯ ಮೇಲೆ ಕೆಂಪು ಅಕ್ಷರ ಓಡಿದವು, ಮೂಲೆ ಸೇರಿದ್ದ ಮಾಸ್ಕುಗಳು ಹೊರಬಂದವು, 'ಮತ್ತೆ ಕೊರೋನಾ ಬಂತಂತೆ' ಎಂಬ ಮಾತು ಊರೂರಿಗೂ ಹಬ್ಬಿತು. ಆದರೆ ಆ ವೈರಸ್ ಹೊಸದಾಗಿರಲಿಲ್ಲ. ನೆದರ್‌ಲೆಂಡ್ಸ್‌ನ ವಿಜ್ಞಾನಿಗಳು ಅದನ್ನು ಪತ್ತೆ ಮಾಡಿದ್ದು 2001ರಲ್ಲಿ. ಅದಕ್ಕೂ ಹಲವು ದಶಕ ಮೊದಲಿಂದ ಅದು ಮನುಷ್ಯರ ನಡುವೆ ಸುತ್ತಾಡುತ್ತಲೇ ಇತ್ತು. ನಮ್ಮಲ್ಲಿ ಬಹುತೇಕರಿಗೆ ಚಿಕ್ಕಂದಿನಲ್ಲೇ ಬಂದು ಹೋಗಿರುತ್ತದೆ.

ಆ ಗಾಬರಿ ಕೆಲವೇ ದಿನಗಳಲ್ಲಿ ಇಳಿಯಿತು. ನನ್ನನ್ನು ಕೊರೆಯುವ ಸಂಗತಿ ಬೇರೆ. ಟಿವಿಯಲ್ಲಿ ಹೆಸರು ಬಂದ ವೈರಸ್ಸಿಗೆ ಅಷ್ಟು ಹೆದರುವ ನಾವು, ಪ್ರತಿ ವರ್ಷ ಮಳೆ ಹಿಡಿದಾಗ 'ಬರೀ ಶೀತ' ಎಂದು ಮನೆಯಲ್ಲಿ ಇಟ್ಟುಕೊಂಡ ಕೂಸು ಮೂರನೇ ದಿನಕ್ಕೆ ಪಕ್ಕೆ ಎಳೆಯತೊಡಗಿದರೆ ಅದನ್ನು ಗುರುತಿಸುವುದು ಹೇಗೆಂದು ಕಲಿತಿಲ್ಲ. ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ತಾಯಂದಿರಿಗೆ, ಅಜ್ಜಿಯರಿಗೆ, ಮಗುವನ್ನು ಬೈಕಿನಲ್ಲಿ ಡಾಕ್ಟರ ಹತ್ತಿರ ಕರೆದೊಯ್ಯುವ ಅಪ್ಪಂದಿರಿಗೆ ಈ ವಿಷಯ ಬಿಡಿಸಿ ಹೇಳಬೇಕು ಅನ್ನಿಸಿದೆ.

ಮೊದಲು ವೈರಸ್‌ಗಳ ವಿಚಾರ ಮುಗಿಸಿಬಿಡೋಣ. ಚಿಕ್ಕ ಮಕ್ಕಳ ಮೂಗು, ಗಂಟಲು, ಎದೆಗೆ ತಗುಲುವ ವೈರಸ್‌ಗಳು ಹತ್ತಾರಿವೆ: ರೈನೋವೈರಸ್, ಇನ್‌ಫ್ಲುಯೆಂಜಾ, ಪ್ಯಾರಾಇನ್‌ಫ್ಲುಯೆಂಜಾ, ಅಡಿನೋವೈರಸ್, ಎಚ್‌ಎಂಪಿವಿ, ಈಗ ಕೊರೋನಾ ಕೂಡ. ಇವುಗಳಲ್ಲಿ ಎದೆಯವರೆಗೆ ಇಳಿಯುವುದರಲ್ಲಿ ಎಲ್ಲಕ್ಕಿಂತ ಮುಂದಿರುವುದು ರೆಸ್ಪಿರೇಟರಿ ಸಿನ್ಸಿಶಿಯಲ್ ವೈರಸ್, ಚಿಕ್ಕದಾಗಿ ಆರ್‌ಎಸ್‌ವಿ. 1956ರಲ್ಲಿ ಅಮೆರಿಕದ ಒಂದು ಪ್ರಯೋಗಾಲಯದ ಚಿಂಪಾಂಜಿಗಳಿಗೆ ನೆಗಡಿ ಬಂದಾಗ ಇದು ಮೊದಲು ಸಿಕ್ಕಿತು. ಮರುವರ್ಷ ರಾಬರ್ಟ್ ಚಾನಾಕ್ ಎಂಬ ವಿಜ್ಞಾನಿ ಬಾಲ್ಟಿಮೋರಿನ ಕೂಸುಗಳಲ್ಲಿ ಅದೇ ವೈರಸ್ಸನ್ನು ಕಂಡರು. ಎರಡು ವರ್ಷ ತುಂಬುವುದರೊಳಗೆ ಹೆಚ್ಚುಕಡಿಮೆ ಪ್ರತಿ ಮಗುವಿಗೂ ಒಮ್ಮೆಯಾದರೂ ಇದು ತಗುಲುತ್ತದೆ. ಶ್ರೀಮಂತ ದೇಶ, ಬಡ ದೇಶ ಎಂಬ ಭೇದ ಅದಕ್ಕಿಲ್ಲ. ಭೇದ ಶುರುವಾಗುವುದು ತಗುಲಿದ ಮೇಲೆ.

ಮೂಗಿನಿಂದ ಪುಟ್ಟ ಕೊಳವೆಗಳವರೆಗೆ

ಮನೆಯ ದೊಡ್ಡ ಮಗು ಅಂಗನವಾಡಿಯಿಂದಲೋ ಶಾಲೆಯಿಂದಲೋ ನೆಗಡಿ ಹೊತ್ತು ತರುತ್ತದೆ. ಸೀನಿದಾಗ ಸಿಡಿದ ಹನಿ, ಸಿಂಬಳ ಒರೆಸಿದ ಕೈ, ಅದೇ ಕೈಯಲ್ಲಿ ಕೂಸಿನ ಗಲ್ಲ ಹಿಂಡುವ ಮುದ್ದು. ಇಷ್ಟು ಸಾಕು. ಬಾಗಿಲ ಹಿಡಿ, ಆಟಿಕೆಯಂಥ ಗಟ್ಟಿ ವಸ್ತುಗಳ ಮೇಲೂ ಆರ್‌ಎಸ್‌ವಿ ಕೆಲವು ಗಂಟೆ ಉಳಿಯಬಲ್ಲದು. ತಗುಲಿದ ನಾಲ್ಕರಿಂದ ಆರು ದಿನಕ್ಕೆ ಮೂಗು ಸೋರತೊಡಗುತ್ತದೆ. ಅನೇಕ ಮಕ್ಕಳಲ್ಲಿ ಕಥೆ ಅಲ್ಲಿಗೇ ಮುಗಿಯುತ್ತದೆ. ಒಂದು ವಾರ ಕಿರಿಕಿರಿ, ಆಮೇಲೆ ಆರಾಮ.

ಕೆಲವರಲ್ಲಿ ವೈರಸ್ ಕೆಳಗಿಳಿಯುತ್ತದೆ. ಶ್ವಾಸನಾಳ ಎದೆಯೊಳಗೆ ಕವಲೊಡೆಯುತ್ತಾ ಹೋಗಿ ಕೊನೆಗೆ ನೂಲಿನಷ್ಟು ಸಣ್ಣ ಕೊಳವೆಗಳಾಗುತ್ತದೆ. ಅವುಗಳ ತುದಿಯಲ್ಲಿ ಆಮ್ಲಜನಕವನ್ನು ರಕ್ತಕ್ಕೆ ದಾಟಿಸುವ ಗಾಳಿಚೀಲಗಳಿವೆ. ವೈರಸ್ ಈ ಸಣ್ಣ ಕೊಳವೆಗಳ ಒಳಗೋಡೆಯ ಜೀವಕೋಶಗಳಲ್ಲಿ ಸೇರಿ ಬೆಳೆಯುತ್ತದೆ. ಗೋಡೆ ಊದಿಕೊಳ್ಳುತ್ತದೆ, ಸತ್ತ ಕೋಶಗಳು ಕಳಚುತ್ತವೆ, ಲೋಳೆ ಸುರಿಯುತ್ತದೆ, ಇವೆಲ್ಲ ಸೇರಿ ಕೊಳವೆಗೆ ಬಿರಡೆ ಹಾಕುತ್ತವೆ. ಇದಕ್ಕೆ ವೈದ್ಯರು ಬ್ರಾಂಕಿಯೋಲೈಟಿಸ್ ಎನ್ನುತ್ತಾರೆ. ಸೋಂಕು ಗಾಳಿಚೀಲಗಳನ್ನೇ ಹಿಡಿದರೆ ನ್ಯುಮೋನಿಯಾ. ಕೂಸುಗಳಲ್ಲಿ ಎರಡರ ನಡುವಿನ ಗೆರೆ ಯಾವಾಗಲೂ ಸ್ಪಷ್ಟವಾಗಿರುವುದಿಲ್ಲ.

ಅದೇ ವೈರಸ್ ನಮಗೆ ಬಂದರೆ ಬರೀ ಗಂಟಲು ಕೆರೆತ, ಕೂಸಿಗೆ ಮಾತ್ರ ಜೀವಕ್ಕೆ ಸಂಚಕಾರ. ಯಾಕೆ ಹೀಗೆ? ಅಡಿಕೆ ತೋಟಕ್ಕೆ ಡ್ರಿಪ್ ಹಾಕಿಸಿದ ಚನ್ನಗಿರಿ, ಹೊಳಲ್ಕೆರೆಯ ರೈತರಿಗೆ ಇದು ಬೇಗ ಅರ್ಥವಾಗುತ್ತದೆ. ದೊಡ್ಡ ಪೈಪಿನಲ್ಲಿ ಒಂದಿಷ್ಟು ಹೂಳು ಕೂತರೆ ನೀರು ಹರಿಯುತ್ತಲೇ ಇರುತ್ತದೆ. ಅಷ್ಟೇ ಹೂಳು ಗಿಡದ ಬುಡದ ಸಣ್ಣ ಪೈಪಿನಲ್ಲಿ ಕೂತರೆ ಆ ಗಿಡಕ್ಕೆ ನೀರೇ ಇಲ್ಲ. ಇದಕ್ಕೊಂದು ಲೆಕ್ಕವೂ ಇದೆ. ನಾಲ್ಕು ಮಿಲಿಮೀಟರ್ ಅಗಲದ ಕೂಸಿನ ಶ್ವಾಸನಾಳದ ಗೋಡೆ ಸುತ್ತಲೂ ಒಂದೇ ಮಿಲಿಮೀಟರ್ ಊದಿಕೊಂಡರೆ ಗಾಳಿಗೆ ಎದುರಾಗುವ ತಡೆ 16 ಪಟ್ಟು ಏರುತ್ತದೆ. ಎಂಟು ಮಿಲಿಮೀಟರ್ ಅಗಲದ ನಾಳದಲ್ಲಿ ಅಷ್ಟೇ ಊತ ಬಂದರೆ ತಡೆ ಏರುವುದು ಸುಮಾರು 3 ಪಟ್ಟು. ನಾಳ ಅರ್ಧಕ್ಕೆ ಕಿರಿದಾದರೆ ತೊಂದರೆ ಎರಡರಷ್ಟು ಎಂದು ನಾವು ಅಂದುಕೊಳ್ಳುತ್ತೇವೆ. ಅದು ಹದಿನಾರರಷ್ಟು.

ಇದರ ಮೇಲೆ ಕೂಸಿನ ದೇಹದ ರಚನೆಯೇ ಅದಕ್ಕೆ ಪ್ರತಿಕೂಲ. ಮೊದಲ ಕೆಲವು ತಿಂಗಳು ಅದು ಮುಖ್ಯವಾಗಿ ಮೂಗಿನಿಂದಲೇ ಉಸಿರಾಡುತ್ತದೆ. ಮೂಗು ಕಟ್ಟಿದರೆ ಮೊಲೆ ಹಿಡಿದು ಎರಡು ಗುಟುಕು ಕುಡಿದು ಬಿಟ್ಟುಬಿಡುತ್ತದೆ, ಅಳುತ್ತದೆ, ಮತ್ತೆ ಹಿಡಿಯುತ್ತದೆ. 'ಹಾಲು ಸಾಲದೇನೋ' ಎಂದು ಮನೆಯವರು ಬಾಟಲಿ ತರಿಸಲು ಹೊರಡುತ್ತಾರೆ. ಹಾಲು ಸಾಲದೆ ಅಲ್ಲ, ಕುಡಿಯುವುದಕ್ಕೂ ಉಸಿರಾಡುವುದಕ್ಕೂ ಅದಕ್ಕೆ ಒಟ್ಟಿಗೆ ಆಗುತ್ತಿಲ್ಲ. ಅದರ ಪಕ್ಕೆಲುಬುಗಳು ಇನ್ನೂ ಮೆತ್ತಗಿವೆ. ಜೋರಾಗಿ ಗಾಳಿ ಎಳೆದುಕೊಳ್ಳಲು ಹೋದಾಗ ಎದೆಯ ಕೆಳಭಾಗವೇ ಒಳಕ್ಕೆ ಸೆಳೆದುಕೊಳ್ಳುತ್ತದೆ. ನಮ್ಮ ಕಡೆ 'ಪಕ್ಕೆ ಹೊಡ್ಕೊಳ್ತೈತಿ' ಎನ್ನುವುದು ಇದನ್ನೇ. ಈ ದುಡಿಮೆಯಲ್ಲಿ ಕೂಸು ದಣಿಯುತ್ತದೆ. ಸಾವು ಬರುವುದು ಹೆಚ್ಚಾಗಿ ಈ ದಣಿವಿನಿಂದ, ಆಮ್ಲಜನಕದ ಕೊರತೆಯಿಂದ.

ಅದೇ ವೈರಸ್, ಬೇರೆ ಬೇರೆ ಗತಿ

2019ರ ಅಂಕಿಗಳನ್ನು ಒಟ್ಟು ಮಾಡಿ ದೊಡ್ಡದೊಂದು ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಆ ಒಂದು ವರ್ಷದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಸುಮಾರು 3 ಕೋಟಿ 30 ಲಕ್ಷ ಸಲ ಆರ್‌ಎಸ್‌ವಿ ಎದೆಗೆ ಇಳಿದಿತ್ತು. 36 ಲಕ್ಷ ಮಕ್ಕಳು ಆಸ್ಪತ್ರೆ ಸೇರಿದ್ದರು. ಸುಮಾರು 1 ಲಕ್ಷ ಮಕ್ಕಳು ತೀರಿಕೊಂಡರು, ಅವರಲ್ಲಿ 45 ಸಾವಿರಕ್ಕೂ ಹೆಚ್ಚು ಕೂಸುಗಳಿಗೆ ಆರು ತಿಂಗಳೂ ದಾಟಿರಲಿಲ್ಲ. ಈ ಸಾವುಗಳಲ್ಲಿ ನೂರಕ್ಕೆ 97ಕ್ಕೂ ಹೆಚ್ಚು ಸಂಭವಿಸಿದ್ದು ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ. ಇಷ್ಟೆಲ್ಲದರಲ್ಲಿ ನನ್ನ ಕಣ್ಣು ನಿಲ್ಲುವುದು ಇನ್ನೊಂದು ಅಂಕಿಯ ಮೇಲೆ: ಆ 1 ಲಕ್ಷದಲ್ಲಿ ಆಸ್ಪತ್ರೆಯೊಳಗೆ ತೀರಿಕೊಂಡವರು 26 ಸಾವಿರ ಚಿಲ್ಲರೆ ಮಾತ್ರ. ಉಳಿದ ಮುಕ್ಕಾಲು ಪಾಲು ಮಕ್ಕಳು ಮನೆಯಲ್ಲೋ ದಾರಿಯಲ್ಲೋ ಹೋದರು.

ಕಾರಣಗಳು ನಮಗೆ ಪರಿಚಿತವೇ. ಎರಡೂವರೆ ಕೆಜಿಗಿಂತ ಕಡಿಮೆ ತೂಕಕ್ಕೆ ಹುಟ್ಟಿದ ಕೂಸು, ದಿನ ತುಂಬುವ ಮೊದಲೇ ಹುಟ್ಟಿದ ಕೂಸು, ಅಪೌಷ್ಟಿಕತೆಯಿಂದ ಸೊರಗಿದ ಮಗು, ಹುಟ್ಟಿನಿಂದಲೇ ಹೃದಯದ ತೊಂದರೆಯಿದ್ದ ಮಗು, ಇವರಿಗೆ ವೈರಸ್ ಹೆಚ್ಚು ಹೊಡೆಯುತ್ತದೆ. ತಾಯಿಯ ರಕ್ಷಣಾ ಕಣಗಳು ಹೊಕ್ಕುಳಬಳ್ಳಿಯ ಮೂಲಕ ಕೂಸಿಗೆ ದಾಟುವುದು ಬಹುಪಾಲು ಬಸಿರಿನ ಕೊನೆಯ ತಿಂಗಳುಗಳಲ್ಲಿ. ಬೇಗ ಹುಟ್ಟಿದ ಕೂಸಿಗೆ ಆ ಬುತ್ತಿ ಪೂರ್ತಿ ಸಿಕ್ಕಿರುವುದಿಲ್ಲ. ಒಂದೇ ಕೋಣೆಯಲ್ಲಿ ಏಳೆಂಟು ಜನ ಮಲಗುವ ಮನೆಯಲ್ಲಿ ವೈರಸ್ಸಿಗೆ ದಾರಿ ಸಲೀಸು.

ಆಮೇಲೆ ದೂರ. ಜಗಳೂರು ತಾಲ್ಲೂಕಿನ ಒಳಹಳ್ಳಿಯಿಂದ ಮಗುವನ್ನು ದಾವಣಗೆರೆಯ ಚಿಗಟೇರಿ ಆಸ್ಪತ್ರೆಗೋ ಬಾಪೂಜಿ ಮಕ್ಕಳ ಆಸ್ಪತ್ರೆಗೋ ತರಬೇಕು. ಮೊಳಕಾಲ್ಮೂರಿನವರು ಚಿತ್ರದುರ್ಗವೋ ಬಳ್ಳಾರಿಯೋ ಎಂದು ಯೋಚಿಸಬೇಕು. ಬಿತ್ತನೆ, ಕಳೆ, ಕಟಾವಿನ ದಿನಗಳಲ್ಲಿ ಕೂಲಿ ಬಿಡಬೇಕು. ಗಂಡ ಊರಲ್ಲಿಲ್ಲದಿದ್ದರೆ ಯಾರನ್ನು ಕೇಳಿ ಹೊರಡುವುದು ಎಂಬ ಪ್ರಶ್ನೆ ಸೊಸೆಗೆ. ಹೀಗೆ ಸಂಜೆಗೆ ಹೊರಡಬೇಕಿದ್ದ ಮಗು ಬೆಳಗ್ಗೆ ಹೊರಡುತ್ತದೆ. ಪಕ್ಕೆ ಎಳೆಯುವ ಕೂಸಿಗೆ ಆ ಒಂದು ರಾತ್ರಿ ತುಂಬಾ ದೀರ್ಘ.

ಉಸಿರು ಎಣಿಸುವುದು

ಯಾವ ವೈರಸ್ ಎಂದು ತಿಳಿಯುವ ಪಿಸಿಆರ್ ಪರೀಕ್ಷೆಗೆ ಸಾವಿರಾರು ರೂಪಾಯಿ ಬೇಕು, ಹೆಸರು ತಿಳಿದರೂ ಬಹುಪಾಲು ಮಕ್ಕಳ ಚಿಕಿತ್ಸೆ ಬದಲಾಗುವುದಿಲ್ಲ. ಬದಲಿಗೆ ವಿಶ್ವ ಆರೋಗ್ಯ ಸಂಸ್ಥೆ ಹಲವು ದಶಕಗಳಿಂದ ಒಂದು ಸರಳ ಅಳತೆಯನ್ನು ನೆಚ್ಚಿಕೊಂಡಿದೆ. ಎಕ್ಸ್‌ರೇ ಇಲ್ಲದ ಕಡೆ, ಸ್ಟೆಥೋಸ್ಕೋಪ್ ಕೂಡ ಇಲ್ಲದ ಕಡೆ, ಮಗುವಿನ ಉಸಿರನ್ನು ಒಂದು ನಿಮಿಷ ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60 ಅಥವಾ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದೊಳಗಿನ ಮಗುವಿಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದ ಮಗುವಿಗೆ 40 ಅಥವಾ ಹೆಚ್ಚು ಇದ್ದರೆ ಅದು ವೇಗದ ಉಸಿರಾಟ. ಆಶಾ ಕಾರ್ಯಕರ್ತೆಯರಿಗೆ ಕಲಿಸುವುದೂ ಇದೇ ಸಂಖ್ಯೆಗಳನ್ನು. ಒಬ್ಬ ತಾಯಿ ಇದನ್ನು ಕಲಿಯಲು ಹತ್ತು ನಿಮಿಷ ಸಾಕು.

ಆದರೆ ಎಣಿಸುವ ಕ್ರಮ ಗೊತ್ತಿರಬೇಕು. ಅಳುವಾಗ, ಹಾಲು ಕುಡಿಯುವಾಗ ಎಣಿಸಬಾರದು. ಮಗು ಮಲಗಿದ್ದಾಗ ಅಥವಾ ತೊಡೆಯ ಮೇಲೆ ಸಮಾಧಾನವಾಗಿ ಇದ್ದಾಗ ಅಂಗಿ ಎತ್ತಿ, ಹೊಟ್ಟೆ ಮತ್ತು ಎದೆ ಕಾಣುವ ಹಾಗೆ ಬೆಳಕಿಗೆ ಹಿಡಿದು ನೋಡಿ. ಹೊಟ್ಟೆ ಒಮ್ಮೆ ಏರಿ ಇಳಿದರೆ ಒಂದು ಉಸಿರು. ಮೊಬೈಲಿನ ಟೈಮರ್ ಇಟ್ಟು ಪೂರ್ತಿ 60 ಸೆಕೆಂಡ್ ಎಣಿಸಿ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವುದು ಕೂಸುಗಳ ವಿಷಯದಲ್ಲಿ ಸರಿಹೋಗದು, ಅವುಗಳ ಉಸಿರು ಒಂದೇ ಲಯದಲ್ಲಿ ಇರುವುದಿಲ್ಲ. ಜ್ವರವಿದ್ದರೂ ಉಸಿರು ಏರುತ್ತದೆ, ಆದ್ದರಿಂದ ಸಂಖ್ಯೆ ಗಡಿಯ ಹತ್ತಿರವಿದ್ದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎಣಿಸಿ. ಮಗು ಆರೋಗ್ಯವಾಗಿರುವ ಒಂದು ದಿನ ಸುಮ್ಮನೆ ಎಣಿಸಿ ನೋಡಿಟ್ಟುಕೊಳ್ಳಿ ಎಂಬುದು ನನ್ನ ಸಲಹೆ. ಕಾಯಿಲೆಯ ದಿನ ವ್ಯತ್ಯಾಸ ತಾನಾಗಿ ಕಣ್ಣಿಗೆ ಬೀಳುತ್ತದೆ.

ಎಣಿಸುವಾಗಲೇ ಎದೆ ನೋಡಿ. ಉಸಿರು ಎಳೆದುಕೊಂಡಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದೆಯೇ? ಮೂಗಿನ ಹೊಳ್ಳೆ ಅರಳುತ್ತಿವೆಯೇ? ಪ್ರತಿ ಉಸಿರಿಗೂ ತಲೆ ಮೇಲೆ ಕೆಳಗೆ ಆಡುತ್ತಿದೆಯೇ? ಉಸಿರು ಬಿಡುವಾಗ 'ಹ್ಞೂಂ, ಹ್ಞೂಂ' ಎಂದು ನರಳುತ್ತಿದೆಯೇ? ಇವುಗಳಲ್ಲಿ ಒಂದಿದ್ದರೂ ಮನೆಮದ್ದಿನ ಹೊತ್ತು ಮುಗಿಯಿತು. ಮಗು ಏನೂ ಕುಡಿಯದಿದ್ದರೆ, ಕುಡಿದದ್ದೆಲ್ಲ ವಾಂತಿಯಾದರೆ, ಎಬ್ಬಿಸಿದರೂ ಮಂಕಾಗಿ ಬಿದ್ದಿದ್ದರೆ, ಫಿಟ್ಸ್ ಬಂದರೆ, ನಾಲಿಗೆ ತುಟಿ ನೀಲಿಗಟ್ಟಿದರೆ ಆ ಕ್ಷಣವೇ 108ಕ್ಕೆ ಫೋನ್ ಮಾಡಬೇಕು. ಎಂಟು ತಾಸು ಕಳೆದರೂ ಬಟ್ಟೆ ಒದ್ದೆಯಾಗಿಲ್ಲ ಎಂದರೂ ತಡ ಮಾಡದೆ ಆಸ್ಪತ್ರೆಗೆ ಹೊರಡಿ.

ಎರಡು ತಿಂಗಳೊಳಗಿನ ಕೂಸಿಗೆ ಬೇರೆಯದೇ ಲೆಕ್ಕ. ಅದಕ್ಕೆ ಕೆಮ್ಮು ಬರದೆಯೂ ಇರಬಹುದು, ಜ್ವರ ಬಾರದೆ ಮೈ ತಣ್ಣಗಾಗಬಹುದು. ಆರ್‌ಎಸ್‌ವಿ ಈ ವಯಸ್ಸಿನಲ್ಲಿ, ಅದರಲ್ಲೂ ದಿನ ತುಂಬದೆ ಹುಟ್ಟಿದವರಲ್ಲಿ, ಉಸಿರನ್ನೇ ಕೆಲ ಸೆಕೆಂಡ್ ನಿಲ್ಲಿಸಿಬಿಡಬಲ್ಲದು. ಹಾಲು ಕುಡಿಯುವುದು ಕಡಿಮೆಯಾಯಿತು, ಮಂಕಾಯಿತು ಎಂದರೆ ಸಾಕು, ಆಸ್ಪತ್ರೆಗೆ ಹೋಗಬೇಕು. ಹೆರಿಗೆಯ ನಂತರ 3, 7, 14, 21, 28 ಮತ್ತು 42ನೇ ದಿನ ಆಶಾ ಮನೆಗೆ ಬರುತ್ತಾರಲ್ಲ, ಆ ಭೇಟಿಗಳು ತೂಕ ನೋಡಿ ಹೋಗುವುದಕ್ಕಷ್ಟೇ ಇರುವುದಲ್ಲ. 'ಅಕ್ಕಾ, ಉಸಿರು ಎಣಿಸೋದು ಒಂದ್ಸಲ ನಂಗೂ ತೋರಿಸ್ರಿ' ಎಂದು ಕೇಳಿ.

ಇನ್ನೊಂದು ಮಾತು. ಈ ಕಾಯಿಲೆ ಮೊದಲ ದಿನವೇ ತನ್ನ ಜೋರು ತೋರಿಸುವುದಿಲ್ಲ. ನೆಗಡಿ ಶುರುವಾದ ಮೂರರಿಂದ ಐದನೇ ದಿನ ಉಸಿರಾಟ ಅತಿ ಕೆಡುತ್ತದೆ. ಎರಡನೇ ದಿನ ಡಾಕ್ಟರು 'ಪರವಾಗಿಲ್ಲ' ಎಂದಿದ್ದರೆ ಅದು ಎರಡನೇ ದಿನದ ಮಾತು. ನಾಲ್ಕನೇ ದಿನ ಪಕ್ಕೆ ಎಳೆದರೆ 'ಮೊನ್ನೆ ತಾನೇ ತೋರಿಸಿದ್ವಲ್ಲ' ಎಂದು ಕೂರಬಾರದು. ಉಸಿರಾಟ ಸುಧಾರಿಸಿದ ಮೇಲೆ ಕೆಮ್ಮು ಮಾತ್ರ ಎರಡು ಮೂರು ವಾರ ಎಳೆದಾಡುತ್ತದೆ. ಮಗು ಚೆನ್ನಾಗಿ ಕುಡಿದು ಆಡಿಕೊಂಡಿದ್ದರೆ ಅದಕ್ಕೆ ಗಾಬರಿ ಬೇಡ.

ಔಷಧಿ ಅಂಗಡಿಯಿಂದ ಏನು ಬೇಕು, ಏನು ಬೇಡ

ಕೂಸು ಕೆಮ್ಮಿದ ಕೂಡಲೇ ಮೆಡಿಕಲ್ ಶಾಪಿನಲ್ಲಿ ಆಂಟಿಬಯೋಟಿಕ್ ಸಿರಪ್ ಕೇಳಿ ತರುವುದು ನಮ್ಮಲ್ಲಿ ಮಾಮೂಲಿ. ಆಂಟಿಬಯೋಟಿಕ್ ಕೊಲ್ಲುವುದು ಬ್ಯಾಕ್ಟೀರಿಯಾವನ್ನು. ವೈರಸ್ಸಿಗೆ ಅದು ತಾಗುವುದೇ ಇಲ್ಲ. ಆಫ್ರಿಕಾ ಮತ್ತು ಏಷ್ಯಾದ ಏಳು ದೇಶಗಳಲ್ಲಿ ತೀವ್ರ ನ್ಯುಮೋನಿಯಾದಿಂದ ಆಸ್ಪತ್ರೆ ಸೇರಿದ ಮಕ್ಕಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ವೈರಸ್‌ಗಳ ಪಾಲು ನೂರಕ್ಕೆ 61, ಬ್ಯಾಕ್ಟೀರಿಯಾದ ಪಾಲು 27 ಎಂದು ಕಂಡುಬಂತು. ಆರ್‌ಎಸ್‌ವಿ ಒಂದರದ್ದೇ 31. ಹಾಗೆಂದು ಆಂಟಿಬಯೋಟಿಕ್ ಬೇಡವೇ ಬೇಡ ಎಂದಲ್ಲ. ಆ ನೂರಕ್ಕೆ 27ರಲ್ಲಿ ನಿಮ್ಮ ಮಗು ಇದ್ದರೆ ಅಮಾಕ್ಸಿಸಿಲಿನ್ ಜೀವ ಉಳಿಸುತ್ತದೆ. ನಮ್ಮಂಥ ಕಡೆ, ಪರೀಕ್ಷೆಗೆ ಅನುಕೂಲವಿಲ್ಲದೆ ಉಸಿರು ವೇಗವಾಗಿದ್ದಾಗ ವೈದ್ಯರು ಅದನ್ನು ಕೊಡುವುದಕ್ಕೆ ಕಾರಣವಿದೆ. ಬರೀ ಮೂಗು ಸೋರುವ ಮಗುವಿಗೆ ನಾವೇ ಕೊಂಡು ತಂದು, ಎರಡು ದಿನ ಕೊಟ್ಟು ನಿಲ್ಲಿಸುವುದಕ್ಕೆ ಯಾವ ಕಾರಣವೂ ಇಲ್ಲ. ಅದರಿಂದ ಆಗುವುದು ಭೇದಿ, ಮುಂದೆ ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾ.

ಕೆಮ್ಮಿನ ಸಿರಪ್ ವಿಷಯದಲ್ಲಿ ನನ್ನ ಮಾತು ಇನ್ನೂ ಕಟುವಾಗಿದೆ: ಚಿಕ್ಕ ಮಕ್ಕಳಿಗೆ ಕೊಡಲೇಬೇಡಿ. ಅದರಿಂದ ಕೆಮ್ಮು ಬೇಗ ಹೋಗುವುದಿಲ್ಲ, ಮಗು ಮಂಪರಾಗುತ್ತದೆ, ಮಂಪರಾದ ಮಗು ಕುಡಿಯುವುದಿಲ್ಲ. 2025ರ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಡೈಈಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತ ಕೆಮ್ಮಿನ ಸಿರಪ್ ಕುಡಿದು ಮಕ್ಕಳ ಕಿಡ್ನಿ ಹೋಯಿತು, ಜೀವ ಹೋಯಿತು. 2022ರಲ್ಲಿ ಗ್ಯಾಂಬಿಯಾದಲ್ಲೂ ಅದೇ ಆಗಿತ್ತು. ಛಿಂದ್ವಾಡಾದ ಘಟನೆಯ ಬೆನ್ನಿಗೆ ಕೇಂದ್ರ ಆರೋಗ್ಯ ಸೇವೆಗಳ ನಿರ್ದೇಶನಾಲಯ ಎರಡು ವರ್ಷದೊಳಗಿನವರಿಗೆ ಕೆಮ್ಮು ನೆಗಡಿಯ ಸಿರಪ್ ಬರೆಯಬಾರದು, ಐದು ವರ್ಷದೊಳಗೂ ಸಾಮಾನ್ಯವಾಗಿ ಬೇಡ ಎಂದು ಸೂಚಿಸಿತು. ಸಾಮಾನ್ಯ ಕೆಮ್ಮಿಗೆ ಇಂಥ ಅಪಾಯ ಯಾಕೆ ಮೈಮೇಲೆ ಎಳೆದುಕೊಳ್ಳಬೇಕು?

ಮನೆಮದ್ದುಗಳನ್ನು ನಾನು ತಾತ್ಸಾರ ಮಾಡುವವರಲ್ಲ. ಬೆಚ್ಚಗಿಡುವುದು, ಎದೆಹಾಲು ಮತ್ತೆ ಮತ್ತೆ ಕೊಡುವುದು, ಒಂದು ವರ್ಷ ದಾಟಿದ ಮಗುವಿಗೆ ಮಲಗುವ ಮುಂಚೆ ಒಂದಿಷ್ಟು ಜೇನುತುಪ್ಪ, ಇವೆಲ್ಲ ಒಳ್ಳೆಯವೇ. ಒಂದು ವರ್ಷದೊಳಗೆ ಜೇನು ಮಾತ್ರ ಬೇಡ, ಅದರಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾ ಕೂಸಿನ ನರಗಳಿಗೆ ಲಕ್ವ ಹೊಡೆಸಬಲ್ಲದು. ಮೂಗಿಗೆ ಎಣ್ಣೆ ಬಿಡುವುದನ್ನು ಇವತ್ತೇ ನಿಲ್ಲಿಸಬೇಕು. ಎಣ್ಣೆ ಜಾರಿ ಶ್ವಾಸಕೋಶಕ್ಕೆ ಇಳಿದರೆ ಅದೇ ಒಂದು ನ್ಯುಮೋನಿಯಾ. ಏದುಸಿರು ಬಿಡುವ ಕೂಸಿಗೆ ಒಳಲೆಯಲ್ಲಿ ಹಾಲನ್ನಾಗಲೀ ಕಷಾಯವನ್ನಾಗಲೀ ಬಲವಂತವಾಗಿ ಹೊಯ್ಯುವುದೂ ಅಷ್ಟೇ ಅಪಾಯ. ಎದೆಗೆ ಬರೆ ಹಾಕಿಸುವುದಂತೂ ಸಲ್ಲದು. ಕಟ್ಟಿದ ಮೂಗಿಗೆ ಅಂಗಡಿಯಲ್ಲಿ ಸಿಗುವ ಸಲೈನ್ ಹನಿ, ಅಂದರೆ ಬರೀ ಉಪ್ಪುನೀರಿನ ಹನಿ, ಹಾಲು ಕುಡಿಸುವ ಮುನ್ನ ಒಂದೆರಡು ಬಿಟ್ಟರೆ ಕೂಸಿಗೆ ಕುಡಿಯಲು ಆರಾಮಾಗುತ್ತದೆ. ಇಷ್ಟೇ ಸಾಕಾಗುವ ಮಕ್ಕಳೇ ಹೆಚ್ಚು.

'ಹೊಗೆ ಹಿಡಿಸಿಕೊಂಡು ಬಂದ್ವಿ' ಎಂದು ಕ್ಲಿನಿಕ್ಕಿನಿಂದ ನೆಬ್ಯುಲೈಸರ್ ಕೊಡಿಸಿ ಬರುವವರು ಬಹಳ. ಉಬ್ಬಸದ ಮಗುವಿಗೆ ಅದು ನಿಜಕ್ಕೂ ಬೇಕು. ಆದರೆ ಚಿಕ್ಕ ಕೂಸಿನ ಬ್ರಾಂಕಿಯೋಲೈಟಿಸ್‌ನಲ್ಲಿ ಕೊಳವೆ ಮುಚ್ಚಿರುವುದು ಊತ ಮತ್ತು ಲೋಳೆಯಿಂದ. ಅಲ್ಲಿ ಸ್ನಾಯು ಸಡಿಲಿಸುವ ಮದ್ದಿನಿಂದ ದೊಡ್ಡ ಲಾಭವಿಲ್ಲ ಎಂದು ಅಧ್ಯಯನಗಳು ತೋರಿಸಿವೆ. ಸ್ಟಿರಾಯ್ಡ್ ಕತೆಯೂ ಇದೇ.

ಬೇಕಾಗಿರುವುದು ಆಮ್ಲಜನಕ

ಹಾಗಾದರೆ ಆಸ್ಪತ್ರೆಯಲ್ಲಿ ಮಾಡುವುದೇನು? ಮೂಗು ಶುಚಿ ಮಾಡುತ್ತಾರೆ, ಕುಡಿಯಲಾಗದಿದ್ದರೆ ನಳಿಕೆಯಲ್ಲೋ ಡ್ರಿಪ್‌ನಲ್ಲೋ ದ್ರವ ಕೊಡುತ್ತಾರೆ, ರಕ್ತದ ಆಮ್ಲಜನಕ ನೂರಕ್ಕೆ 90ಕ್ಕಿಂತ ಕೆಳಗಿಳಿದರೆ ಆಮ್ಲಜನಕ ಕೊಡುತ್ತಾರೆ. ವೈರಸ್ ತನ್ನ ಅವಧಿ ಮುಗಿಸಿ ಹೋಗುವವರೆಗೆ ಕೂಸನ್ನು ದಣಿಯದಂತೆ ದಾಟಿಸುವುದೇ ಚಿಕಿತ್ಸೆ. 'ಏನೂ ಇಂಜೆಕ್ಷನ್ ಮಾಡ್ಲಿಲ್ಲ, ಬರೀ ಗಾಳಿ ಇಟ್ಟಿದಾರೆ' ಎಂದು ನೊಂದುಕೊಂಡು ಡಿಸ್ಚಾರ್ಜ್ ಕೇಳಬೇಡಿ. ಆ ಗಾಳಿಯೇ ಮದ್ದು.

ಇದರಲ್ಲಿ ಬಡ ದೇಶಗಳು ತಾವೇ ಕಂಡುಕೊಂಡ ದಾರಿಗಳೂ ಇವೆ. ಬಾಂಗ್ಲಾದೇಶದ ಢಾಕಾದಲ್ಲಿ ಡಾ. ಮೊಹಮ್ಮದ್ ಜೊಬಾಯೆರ್ ಚಿಸ್ತಿ ಮತ್ತು ಸಂಗಡಿಗರು ಖಾಲಿ ಶಾಂಪೂ ಬಾಟಲಿಗೆ ನೀರು ತುಂಬಿ, ಮಗು ಉಸಿರು ಬಿಡುವ ಕೊಳವೆಯ ತುದಿಯನ್ನು ಅದರಲ್ಲಿ ಮುಳುಗಿಸಿದರು. ಗುಳ್ಳೆ ಏಳುವ ಆ ನೀರು ಒಡ್ಡುವ ಸಣ್ಣ ಒತ್ತಡ, ಮುಚ್ಚಿಕೊಳ್ಳಲು ಹೊರಟ ಗಾಳಿಚೀಲಗಳನ್ನು ತೆರೆದಿಡುತ್ತದೆ. ದುಬಾರಿ ಯಂತ್ರ ಮಾಡುವ ಕೆಲಸವೇ ಇದು. 2015ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ, ಮಾಮೂಲಿ ಆಮ್ಲಜನಕ ಪಡೆದ ಮಕ್ಕಳಲ್ಲಿ ನೂರಕ್ಕೆ 15 ಮಂದಿ ತೀರಿಕೊಂಡರೆ ಈ ಗುಳ್ಳೆಯ ವಿಧಾನದಲ್ಲಿ ತೀರಿಕೊಂಡವರು ನೂರಕ್ಕೆ 4. ಇದನ್ನು ನೋಡಿಕೊಳ್ಳಲು ತರಬೇತಿಯಿರುವ ವೈದ್ಯರು, ದಾದಿಯರು ಬೇಕೇ ಬೇಕು. ಆದರೂ ಹಣದ ಕೊರತೆಯೊಂದೇ ನೆಪವಾಗಲಾರದು ಎಂದು ಢಾಕಾ ತೋರಿಸಿದೆ.

ತಾಯಿ ಕಾರ್ಡಿನಲ್ಲಿ ಇರುವುದು, ಇನ್ನೂ ಬರಬೇಕಾದ್ದು

ವೈರಸ್ ತಗುಲಿ ಗಾಯವಾದ ಶ್ವಾಸನಾಳಕ್ಕೆ ಬ್ಯಾಕ್ಟೀರಿಯಾ ಸುಲಭವಾಗಿ ಇಳಿಯುತ್ತದೆ. ಅದಕ್ಕೇ ಬ್ಯಾಕ್ಟೀರಿಯಾ ವಿರುದ್ಧದ ಲಸಿಕೆ ವೈರಸ್ ಕಾಯಿಲೆಯ ತೀವ್ರತೆಯನ್ನೂ ತಗ್ಗಿಸುತ್ತದೆ. ದಕ್ಷಿಣ ಆಫ್ರಿಕಾದ ಶಬೀರ್ ಮಾದಿ ಮತ್ತಿತರರು 2004ರಲ್ಲಿ ಇದನ್ನು ತೋರಿಸಿದರು: ನ್ಯುಮೋಕಾಕಸ್ ಎಂಬ ಬ್ಯಾಕ್ಟೀರಿಯಾ ವಿರುದ್ಧದ ಲಸಿಕೆ ಪಡೆದ ಮಕ್ಕಳಲ್ಲಿ ವೈರಸ್ ಜೊತೆಗಿನ ನ್ಯುಮೋನಿಯಾಕ್ಕೆ ಆಸ್ಪತ್ರೆ ಸೇರುವುದು ನೂರಕ್ಕೆ 31ರಷ್ಟು ಕಡಿಮೆಯಾಗಿತ್ತು. ಆ ಲಸಿಕೆ, ಪಿಸಿವಿ, 2021ರಿಂದ ದೇಶದೆಲ್ಲೆಡೆ ಉಚಿತ. ಆರನೇ ವಾರ, ಹದಿನಾಲ್ಕನೇ ವಾರ, ಒಂಬತ್ತನೇ ತಿಂಗಳು. ಆರು, ಹತ್ತು, ಹದಿನಾಲ್ಕನೇ ವಾರದ ಪೆಂಟಾವೇಲೆಂಟ್‌ನಲ್ಲಿ ನ್ಯುಮೋನಿಯಾ ತರುವ ಇನ್ನೊಂದು ಬ್ಯಾಕ್ಟೀರಿಯಾ ಹಿಬ್ ವಿರುದ್ಧವೂ, ನಾಯಿಕೆಮ್ಮಿನ ವಿರುದ್ಧವೂ ರಕ್ಷಣೆಯಿದೆ. ಕೂಲಿಗೆಂದು ಊರು ಬಿಟ್ಟು ಹೋಗುವ ಮನೆಗಳಲ್ಲಿ ಒಂಬತ್ತನೇ ತಿಂಗಳ ಸೂಜಿ ತಪ್ಪಿಹೋಗುವುದು ಸುಲಭ. ತಾಯಿ ಕಾರ್ಡು ಜೊತೆಗಿದ್ದರೆ ಯಾವ ಊರಿನ ಸರ್ಕಾರಿ ಆಸ್ಪತ್ರೆಯಲ್ಲೂ ಹಾಕಿಸಬಹುದು.

ಆರ್‌ಎಸ್‌ವಿ ಲಸಿಕೆಯ ದಾರಿ ಬಹಳ ನೋವಿನದು. 1966ರಲ್ಲಿ ಅಮೆರಿಕದಲ್ಲಿ ಫಾರ್ಮಾಲಿನ್ ಹಾಕಿ ನಿಷ್ಕ್ರಿಯಗೊಳಿಸಿದ ಲಸಿಕೆಯನ್ನು ಕೂಸುಗಳಿಗೆ ಕೊಟ್ಟು ನೋಡಿದರು. ಆಮೇಲೆ ಸೋಂಕು ತಗುಲಿದಾಗ ಲಸಿಕೆ ಪಡೆದವರೇ ಹೆಚ್ಚು ಕಾಯಿಲೆ ಬಿದ್ದರು, ಇಬ್ಬರು ಕೂಸುಗಳು ತೀರಿಕೊಂಡವು. ಆ ಆಘಾತ ದಶಕಗಳ ಕಾಲ ಈ ಕ್ಷೇತ್ರವನ್ನು ಹಿಂದಕ್ಕೆಳೆಯಿತು. ವೈರಸ್ಸಿನ ಮೇಲ್ಮೈಯಲ್ಲಿರುವ ಎಫ್ ಎಂಬ ಪ್ರೋಟೀನ್ ಜೀವಕೋಶಕ್ಕೆ ಅಂಟುವ ಮೊದಲು ಒಂದು ಆಕಾರದಲ್ಲೂ ಅಂಟಿದ ಮೇಲೆ ಇನ್ನೊಂದು ಆಕಾರದಲ್ಲೂ ಇರುತ್ತದೆ. ಒಳ್ಳೆಯ ರಕ್ಷಣಾ ಕಣಗಳು ಹುಟ್ಟಬೇಕಾದರೆ ಮೊದಲಿನ ಆಕಾರವನ್ನೇ ದೇಹಕ್ಕೆ ಪರಿಚಯಿಸಬೇಕು. ಜೇಸನ್ ಮೆಕ್‌ಲೆಲನ್, ಬಾರ್ನಿ ಗ್ರಹಾಂ, ಪೀಟರ್ ಕ್ವಾಂಗ್ ಮತ್ತಿತರರು 2013ರಲ್ಲಿ ಆ ಆಕಾರವನ್ನು ಬಿಡಿಸಿ ತೋರಿಸಿದ ಮೇಲೆ ಬಾಗಿಲು ತೆರೆಯಿತು.

ಈಗ ಎರಡು ಅಸ್ತ್ರಗಳಿವೆ. ಒಂದು, ಬಸುರಿಗೆ ಕೊಡುವ ಲಸಿಕೆ. ತಾಯಿಯಲ್ಲಿ ಹುಟ್ಟಿದ ರಕ್ಷಣಾ ಕಣಗಳು ಹೊಟ್ಟೆಯಲ್ಲಿರುವ ಕೂಸಿಗೆ ದಾಟುತ್ತವೆ. 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇದು ಹುಟ್ಟಿದ ಮೊದಲ ಮೂರು ತಿಂಗಳ ತೀವ್ರ ಆರ್‌ಎಸ್‌ವಿ ಕಾಯಿಲೆಯನ್ನು ಸುಮಾರು ನೂರಕ್ಕೆ 82ರಷ್ಟು, ಆರು ತಿಂಗಳಿಗೆ ನೋಡಿದರೆ 69ರಷ್ಟು ತಡೆಯಿತು. ಇನ್ನೊಂದು, ನಿರ್ಸೆವಿಮ್ಯಾಬ್ ಎಂಬ ಸಿದ್ಧ ರಕ್ಷಣಾ ಕಣದ ಒಂದೇ ಸೂಜಿ, ನೇರವಾಗಿ ಕೂಸಿಗೆ. ಎಲ್ಲ ದೇಶಗಳೂ ಇವುಗಳಲ್ಲಿ ಒಂದನ್ನಾದರೂ ಜಾರಿಗೆ ತರಬೇಕೆಂದು 2025ರ ಮೇನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಸರ್ಕಾರದ ಉಚಿತ ಲಸಿಕಾ ಪಟ್ಟಿಯಲ್ಲಿ ಎರಡೂ ಇಲ್ಲ. ಕಾಯಿಲೆ ಹೆಚ್ಚು ಕೊಲ್ಲುವ ದೇಶಗಳಿಗೆ ಮದ್ದು ಕೊನೆಗೆ ತಲುಪುವುದು ನ್ಯಾಯವಲ್ಲ.

ಅಲ್ಲಿಯವರೆಗೆ ಮನೆಯಲ್ಲಿ ಮಾಡಬಹುದಾದದ್ದು ಕಡಿಮೆಯೇನಲ್ಲ. ಕರಾಚಿಯ ಕೊಳಗೇರಿಗಳಲ್ಲಿ ಸೋಪು ಕೊಟ್ಟು ಕೈ ತೊಳೆಯುವುದನ್ನು ರೂಢಿ ಮಾಡಿಸಿದಾಗ ಚಿಕ್ಕ ಮಕ್ಕಳ ನ್ಯುಮೋನಿಯಾ ಅರ್ಧಕ್ಕಿಳಿಯಿತು ಎಂದು 2005ರ ಅಧ್ಯಯನ ಹೇಳುತ್ತದೆ. ಬಾಣಂತಿ ಕೋಣೆಗೆ ಕಾಲಿಡುವವರು ಮೊದಲು ಸೋಪಿನಲ್ಲಿ ಕೈ ತೊಳೆಯಲಿ. ನೆಗಡಿ ಇದ್ದವರು ಕೂಸನ್ನು ಎತ್ತಿಕೊಳ್ಳುವುದು ಬೇಡ, ಹಿರಿಯರಾದರೂ ಸರಿಯೇ. ತಾಯಿಗೇ ನೆಗಡಿಯಾದರೆ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಹಾಲೂಡಿಸಲಿ, ಹಾಲು ನಿಲ್ಲಿಸುವುದು ಬೇಡ. ಮೊದಲ ಆರು ತಿಂಗಳು ಎದೆಹಾಲು ಬಿಟ್ಟು ಬೇರೇನೂ ಬೇಡ. ಗೊಲ್ಲರಹಟ್ಟಿಗಳಲ್ಲಿ ಕೆಲವೆಡೆ ಬಾಣಂತಿ ಮತ್ತು ಕೂಸನ್ನು ಹಟ್ಟಿಯಾಚೆ ಗುಡಿಸಲಿನಲ್ಲಿ ಇರಿಸುವ ಪದ್ಧತಿ ಉಳಿದಿದೆ. ದೇವರ ಭಯಭಕ್ತಿಯ ಬಗ್ಗೆ ಗೌರವವಿಟ್ಟುಕೊಂಡೇ ಹೇಳುತ್ತೇನೆ, ಮಳೆ ಚಳಿಗೆ ಒಡ್ಡಿಕೊಂಡ ಎಳೆಗೂಸಿನ ಎದೆ ಅದನ್ನು ತಾಳಲಾರದು.

ಹೊಗೆಯ ಮಾತು ಸ್ವಲ್ಪ ತೊಡಕಿನದು. ಗ್ವಾಟೆಮಾಲಾದಲ್ಲಿ ಚಿಮಣಿಯಿರುವ ಒಲೆ ಕೊಟ್ಟಾಗ ತೀವ್ರ ನ್ಯುಮೋನಿಯಾ ಸುಮಾರು ಮೂರನೇ ಒಂದು ಪಾಲು ಇಳಿಯಿತು. ಆಮೇಲೆ ಭಾರತ (ತಮಿಳುನಾಡು) ಸೇರಿ ನಾಲ್ಕು ದೇಶಗಳಲ್ಲಿ ಗ್ಯಾಸ್ ಒಲೆ ಕೊಟ್ಟು ನೋಡಿದ ದೊಡ್ಡ ಪ್ರಯೋಗದಲ್ಲಿ ಕೂಸುಗಳ ತೀವ್ರ ನ್ಯುಮೋನಿಯಾದಲ್ಲಿ ಅಂಥ ಇಳಿಕೆ ಕಾಣಲಿಲ್ಲ. ಗ್ಯಾಸ್ ಬಂದ ಮಾತ್ರಕ್ಕೆ ಎಲ್ಲ ಸರಿಯಾಗುವುದಿಲ್ಲ ಎಂಬುದೇ ಇದರಿಂದ ನಾನು ತಿಳಿದದ್ದು. ಎಣ್ಣೆನೀರಿನ ನಂತರ ಕೂಸಿಗೆ ಹಿಡಿಸುವ ಲೋಬಾನದ ಹೊಗೆ, ಬಾಣಂತಿ ಮಂಚದಡಿಯ ಕೆಂಡ, ಮಗ್ಗುಲಲ್ಲೇ ಸೇದುವ ಬೀಡಿ, ಇವು ಉರಿಯುವ ಶ್ವಾಸನಾಳಕ್ಕೆ ಒಳ್ಳೆಯದಂತೂ ಮಾಡವು. ಮಂಡಕ್ಕಿ ಭಟ್ಟಿಗಳಲ್ಲಿ ದುಡಿಯುವ ತಾಯಂದಿರು ಕೂಸನ್ನು ಅಲ್ಲೇ ಪಕ್ಕದಲ್ಲಿ ಮಲಗಿಸುವ ಬದಲು ಹೊಗೆ ತಾಗದ ಕಡೆ ಬಿಡುವಂತಾಗಬೇಕು.

ಕೊನೆಗೆ ಕಾಲದ ವಿಚಾರ. ಕೇಂದ್ರ ಸರ್ಕಾರ 2019ರಲ್ಲಿ ಶುರು ಮಾಡಿದ ಸಾನ್ಸ್ ಎಂಬ ನ್ಯುಮೋನಿಯಾ ವಿರುದ್ಧದ ಅಭಿಯಾನ ನವೆಂಬರ್ 12ರಿಂದ ಫೆಬ್ರವರಿ ಕೊನೆಯವರೆಗೆ ನಡೆಯುತ್ತದೆ. ಆರ್‌ಎಸ್‌ವಿ ಚಳಿಗಾಲದಲ್ಲಿ ಏರುವ ಉತ್ತರ ಭಾರತಕ್ಕೆ ಅದು ಹೊಂದುತ್ತದೆ. ದಕ್ಷಿಣದಲ್ಲಿ ಅದು ಏರುವುದು ಮಳೆಗಾಲದ ಜೊತೆಗೆ. ಹುಬ್ಬೆ, ಉತ್ತರೆ ಮಳೆ ಹಿಡಿಯುವ ಹೊತ್ತಿಗೇ ನಮ್ಮ ಜಿಲ್ಲೆಗಳಲ್ಲಿ ಆಶಾಗಳ ಕೈಯಲ್ಲಿ ಟೈಮರ್, ಮನೆಮನೆಯಲ್ಲಿ ಉಸಿರು ಎಣಿಸುವ ಪಾಠ ಇರಬೇಕು. ಕೊರೋನಾ ಕಾಲದಲ್ಲಿ ಕೊಂಡ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಮನೆಯಲ್ಲಿದ್ದರೂ ಅದು ದೊಡ್ಡವರ ಅಳತೆಯದು, ಕೂಸಿನ ಬೆರಳಿಗೆ ಸರಿಯಾದ ಲೆಕ್ಕ ತೋರಿಸುವುದಿಲ್ಲ. ಕೂಸಿನ ಪಾದಕ್ಕೆ ಸುತ್ತುವ ಬೇರೆ ಪ್ರೋಬ್ ಬೇಕು. ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ಚರಂಡಿಯ ಜೊತೆಗೆ ಇದನ್ನೂ ಕೇಳಿ: ನಮ್ಮ ಉಪಕೇಂದ್ರದಲ್ಲಿ ಕೂಸಿಗೆ ಹೊಂದುವ ಆಕ್ಸಿಮೀಟರ್ ಇದೆಯೇ, ಪಿಎಚ್‌ಸಿಯ ಆಮ್ಲಜನಕದ ಸಿಲಿಂಡರ್ ತುಂಬಿದೆಯೇ, ಮಕ್ಕಳ ಮೂಗಿಗೆ ಹೊಂದುವ ಸಣ್ಣ ನಳಿಕೆ ಇದೆಯೇ, ರಾತ್ರಿ ಅದನ್ನು ಹಚ್ಚಲು ಬಲ್ಲವರು ಯಾರಿರುತ್ತಾರೆ?